ಅರ್ಧ ಎಚ್‌ಪಿ ಉಸಿರು

ನಮ್ಮಪ್ಪನಿಗೆ ವ್ಯಾಟ್ ಅಂದರೆ ಆಗುತ್ತಿರಲಿಲ್ಲ. ಬಲ್ಬಿಗೆ ಬೇಕಾದರೆ ವ್ಯಾಟ್ ಇರಲಿ, ತಿರುಗುವ ಯಾವುದಕ್ಕೂ ಎಚ್‌ಪಿಯೇ ಸರಿ ಎಂಬುದು ಅವನ ಹಟ. ಮನೆಗೆ ಹೊಸ ಮಿಕ್ಸಿ ತಂದರೆ ಡಬ್ಬಿಯ ಮೇಲಿನ ಏಳುನೂರ ಐವತ್ತು ವ್ಯಾಟ್ ಓದಿ, "ಒಂದ್ ಎಚ್‌ಪಿ. ಚಟ್ನಿಗೆ ಸಾಕು" ಎನ್ನುತ್ತಿದ್ದ. ಸೀಲಿಂಗ್ ಫ್ಯಾನು ಹತ್ತು ಸೇರಿದರೆ ಒಂದು ಎಚ್‌ಪಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎರಡು. ಕೆರೆಯಿಂದ ತೋಟಕ್ಕೆ ನೀರೆತ್ತುವ ಪಂಪು ಹತ್ತು. ನಾನೋ ಸೋಮವಾರಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಒಂದು ಅಶ್ವಶಕ್ತಿ ಅಂದರೆ ಏಳುನೂರ ನಲವತ್ತಾರು ವ್ಯಾಟ್ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಕೈ ಸವೆಸಿದವಳು. "ನಿನ್ ತಲೆ ಒಳಗೆ ಕುದುರೆ ಲಾಯಾನೇ ಇದೆ ಅಪ್ಪ" ಎಂದು ಛೇಡಿಸುತ್ತಿದ್ದೆ. "ಇರ್ಲಿ ಬಿಡು, ನಿನ್ ವ್ಯಾಟು ಯಾವತ್ತಾದ್ರೂ ನೀರ್ ಎತ್ತಿದ್ಯಾ?" ಎಂದು ಅವನೂ ಬಿಡುತ್ತಿರಲಿಲ್ಲ.

ಅವ್ವನ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ, ಇನ್ನು ಮೇಲೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಆಕ್ಸಿಜನ್ ಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ ದಿನವೂ ಅಪ್ಪ ಅದೇ ಅಪ್ಪನೇ. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷಿನ್ನನ್ನು ಮನೆಗೆ ತಂದು ಜೋಡಿಸುತ್ತಿದ್ದ ಹುಡುಗನ ಹತ್ತಿರ ಅವನು ಕೇಳಿದ ಮೊದಲ ಪ್ರಶ್ನೆ, "ಎಷ್ಟ್ ಎಚ್‌ಪಿ ಇದು?" ಆ ಹುಡುಗ ಪಾಪ ಕಕ್ಕಾಬಿಕ್ಕಿ. ನಾನೇ ಮೆಷಿನ್ನಿನ ಬೆನ್ನಿನ ಮೇಲಿದ್ದ ಚೀಟಿ ಓದಿದೆ. ಮುನ್ನೂರ ಐವತ್ತು ವ್ಯಾಟ್. ಒಳಗಿದ್ದದ್ದು ಗಾಳಿ ಒತ್ತುವ ಒಂದು ಸಣ್ಣ ಮೋಟರ್. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ ಅವ್ವನ ಕಡೆ ತಿರುಗಿದ.

"ಅರ್ಧ ಎಚ್‌ಪಿನೂ ಪೂರ್ತಿ ಇಲ್ಲ ಕಣೇ ನಿನ್ ಉಸಿರು."

ಮೂಗಿಗೆ ಹೊಸದಾಗಿ ಸಿಕ್ಕಿಸಿದ್ದ ನಳಿಕೆಯನ್ನು ಸರಿಮಾಡಿಕೊಳ್ಳುತ್ತಾ ಅವ್ವ, "ಇಷ್ಟ್ ವರ್ಷ ಈ ಸಂಸಾರಾನ ಅಷ್ಟ್ರಲ್ಲೇ ಎಳ್ದಿದೀನಿ ನೋಡಿ" ಅಂದಳು. ಎಲ್ಲರೂ ನಕ್ಕೆವು. ನಗುತ್ತಲೇ ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ನಮ್ಮ ಮನೆ ಮಾದಾಪುರದಿಂದ ಸ್ವಲ್ಪ ಒಳಕ್ಕೆ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಐದು ತೋಟದ ಪಂಪುಗಳು, ಐದೂ ಮನೆಗಳ ದೀಪ. ನಮ್ಮದಕ್ಕಿಂತ ಎತ್ತರದಲ್ಲಿ ಕೊಡವರ ಮನೆಯೊಂದು. ಆ ಮನೆಯ ಯಜಮಾನರು ಅಪ್ಪನ ವಾರಿಗೆಯವರು. ನಾವೆಲ್ಲ ಅವರನ್ನು ಮೇಲಿನ ತೋಟದವರು ಅಂತಲೇ ಕರೆಯುವುದು. ಕೆಳಗೆ ಅರೆಭಾಷೆಯ ಗೌಡರ ಮನೆ. ಹೊಳೆ ಪಕ್ಕ ಮಲಯಾಳಂ ಮಾತಿನ ಕಾಕನ ಚಿಕ್ಕ ತೋಟ. ಐದನೆಯದರ ಮಾಲೀಕರು ದೂರದಲ್ಲಿದ್ದಾರೆ, ಅದನ್ನು ನೋಡಿಕೊಳ್ಳುವುದು ಲೆಕ್ಕಪತ್ರ ಬರೆಯುವ ಎಸ್ಟೇಟಿನ ರೈಟರ್. ಯಾರ ಮನೆಮಾತು ಏನೇ ಇರಲಿ, ನೀರಿನ ಮಾತು ಬಂದರೆ ಎಲ್ಲರದೂ ಕನ್ನಡ, ಎಲ್ಲರದೂ ಎಚ್‌ಪಿ.

ಕಾಫಿ ಬೆಳೆಯದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಬೇಸಿಗೆ ಕಾಲಿಡುವ ಹೊತ್ತಿಗೆ ರೊಬಸ್ಟಾ ಗಿಡದ ರೆಕ್ಕೆಗಳ, ಅಂದರೆ ಕೊಂಬೆಗಳ ತುಂಬ ಮೊಗ್ಗು ಕಟ್ಟಿ ಕಾಯುತ್ತಾ ಕೂತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಮಳೆ ಬರದಿದ್ದರೆ ಸ್ಪ್ರಿಂಕ್ಲರಿನ ಜೆಟ್ಟು ಇಟ್ಟು ನಾವೇ ಮಳೆ ಸುರಿಸಬೇಕು. ತಡವಾಗುವಂತಿಲ್ಲ, ಅರೆಬರೆ ಆಗುವಂತೆಯೂ ಇಲ್ಲ. ನೀರು ಸಾಲದೆ ಹೋದರೆ ಮೊಗ್ಗು ಅರ್ಧ ಬಿರಿದು ಕರಟಿಹೋಗುತ್ತದೆ, ಆಮೇಲೆ ಆ ವರ್ಷದ ಬೆಳೆ ಹೋದ ಹಾಗೆಯೇ. ಆದ್ದರಿಂದ ಮಾಘ ಕಳೆಯುತ್ತಿದ್ದಂತೆ ನಮ್ಮ ಕಡೆ ಯಾರನ್ನೂ ಮಾತಾಡಿಸುವ ಹಾಗಿಲ್ಲ. ಎಲ್ಲರ ಕಿವಿಯೂ ಪಂಪ್‌ಹೌಸಿನ ಕಡೆಗೇ.

ಆ ವರ್ಷ ಹೂಮಳೆ ಬರಲಿಲ್ಲ. ಐದು ಮೋಟರುಗಳೂ ಒಟ್ಟಿಗೆ ಶುರುವಾದವು. ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮನೆಯ ಫ್ಯಾನು ನಿಧಾನಕ್ಕೆ ಸೋತಿತು. ಟ್ಯೂಬ್‌ಲೈಟು ಮಿಣುಕಿ ಆರಿತು. ವೋಲ್ಟೇಜು ಕುಸಿದದ್ದಕ್ಕೆ ಸ್ಟೆಬಿಲೈಸರ್ ಟಕ್ ಎಂದು ಲೈನು ಕಡಿದುಕೊಂಡಿತು. ಅವ್ವನ ಮೆಷಿನ್ನು ಕೀಂಯ್ ಎಂದು ಕಿರುಚಿ ನಿಂತುಹೋಯಿತು.

ಅಬ್ಬಾ, ಆ ಕಿರುಚಾಟ! ಇವತ್ತಿಗೂ ಅಂಥ ಸದ್ದು ಎಲ್ಲಾದರೂ ಕೇಳಿದರೆ ನಾನು ಕೂತಲ್ಲಿಂದ ಎದ್ದುಬಿಡುತ್ತೇನೆ. ಅವ್ವ ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಎತ್ತೆತ್ತಿ ಗಾಳಿ ಎಳೆದುಕೊಳ್ಳುತ್ತಿದ್ದಳು. ತುಟಿ ನೀಲಿಗೆ ತಿರುಗುತ್ತಿತ್ತು. ನಾನು ಓಡಿಹೋಗಿ ಆಪತ್ತಿಗೆಂದು ಮೂಲೆಯಲ್ಲಿ ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿಗೆ ನಳಿಕೆ ಸಿಕ್ಕಿಸಿದೆ. ಅಪ್ಪ ಹಿತ್ತಲಿಗೆ ಓಡಿ ಜನರೇಟರಿನ ಹಗ್ಗ ಎಳೆದ. ಎಪ್ಪತ್ತು ದಾಟಿದ ಜೀವ, ಎಳೆದೂ ಎಳೆದೂ ಅದು ಹೊತ್ತಿಕೊಳ್ಳುವಷ್ಟರಲ್ಲಿ ಅವನೂ ಅವ್ವನ ಹಾಗೆಯೇ ಏದುಸಿರು ಬಿಡುತ್ತಿದ್ದ.

ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ ಅದೇ. ಕರೆಂಟು ಹೋದಾಗ ಒಂದೆರಡು ಗಂಟೆ ಓಡಲಿ ಅಂತ ತಂದಿಟ್ಟಿದ್ದ ಚಿಕ್ಕ ಜನರೇಟರ್ ಹಗಲಿಡೀ ಓಡಿ ಓಡಿ ವಾರದೊಳಗೆ ಕೈಕೊಟ್ಟಿತು. ಸಿಲಿಂಡರ್ ಖಾಲಿಯಾದರೆ ತುಂಬಿಸಿಕೊಂಡು ಬರಲು ಮಡಿಕೇರಿಗೆ ಹೋಗಬೇಕು. ನಾನು ಶಾಲೆಗೆ ರಜೆ ಹಾಕಿ ಮನೆಯಲ್ಲೇ ಕೂತೆ. ಅವ್ವ ಮಾತು ಕಡಿಮೆ ಮಾಡಿದಳು. ಪಂಪು ಶುರುವಾಗುವ ಹೊತ್ತಿಗೆ ಕಣ್ಣು ತನ್ನಷ್ಟಕ್ಕೇ ಫ್ಯಾನಿನ ಕಡೆ ಹೋಗುತ್ತಿತ್ತು. ಅದು ಸೋಲುವುದನ್ನೇ ಕಾಯುತ್ತಿದ್ದಳು. ಅದನ್ನು ನೋಡುತ್ತಾ ಕೂರುವುದು ನನ್ನ ಕೈಲಾಗುತ್ತಿರಲಿಲ್ಲ.

ಅಪ್ಪ ಲೆಕ್ಕಕ್ಕೆ ಕೂತ. ಐದೂ ಮೋಟರುಗಳ ಮೇಲೆ ಎಚ್‌ಪಿ ಬರೆದಿರುವ ತಗಡಿನ ಪ್ಲೇಟು ಅವನಿಗೆ ಬಾಯಿಪಾಠ. ನಮ್ಮದು ಹತ್ತು, ಮೇಲಿನ ತೋಟದವರದು ಹತ್ತು, ಗೌಡರದು ಏಳೂವರೆ, ರೈಟರ್ ನೋಡುವ ಎಸ್ಟೇಟಿನದು ಏಳೂವರೆ, ಕಾಕನದು ಐದು. ಒಟ್ಟು ನಲವತ್ತು. "ಇದುನ್ನ ನಿನ್ ವ್ಯಾಟಿಗ್ ಮಾಡು" ಅಂದ. ಅವನು ಬಾಯಿಬಿಟ್ಟು ವ್ಯಾಟು ಕೇಳಿದ್ದು ಅದೇ ಮೊದಲು. ನಲವತ್ತನ್ನು ಏಳುನೂರ ನಲವತ್ತಾರರಿಂದ ಗುಣಿಸಿದೆ. ಮೂವತ್ತು ಕಿಲೋವ್ಯಾಟಿನ ಹತ್ತಿರ. ಮೋಟರು ಕೊಡುವ ಶಕ್ತಿಗಿಂತ ತಿನ್ನುವುದು ಜಾಸ್ತಿ ಎಂದು ಅದರ ನಷ್ಟವನ್ನೂ ಸೇರಿಸಿದೆ. ಏನೇ ಮಾಡಿದರೂ ಟ್ರಾನ್ಸ್‌ಫಾರ್ಮರ್ ಹೊರುವುದಕ್ಕಿಂತ ಸಾಕಷ್ಟು ಕೆಳಗೇ ಇತ್ತು.

"ಹಂಗಾದ್ರೆ ತಪ್ಪು ಲೈನಿಂದು," ಎಂದ ಅಪ್ಪ. ಲೈನ್‌ಮನ್ನಿಗೆ ಫೋನು ಹೋಯಿತು. ಬಂದವನ ಮೇಲೆ ಅಪ್ಪ ಹರಿಹಾಯ್ದ. ಅವನು ಮಾತಿಗೆ ಮಾತು ಬೆಳೆಸದೆ, ಐದೂ ಪಂಪು ಓಡುತ್ತಿರುವಾಗಲೇ, ಟ್ರಾನ್ಸ್‌ಫಾರ್ಮರಿನಿಂದ ಇಳಿಯುವ ಒಂದೊಂದು ತಂತಿಗೂ ಮೀಟರಿನ ಇಕ್ಕಳ ಹಿಡಿದು, ಆಂಪಿಯರ್ ಎಷ್ಟೆಂದು ಕೂಗಿದ. ನಾನು ಕೆಳಗೆ ನಿಂತು ಮೊಬೈಲಿನಲ್ಲಿ ಲೆಕ್ಕ ಮಾಡಿದೆ. ಐವತ್ತು ಕಿಲೋವ್ಯಾಟಿಗೂ ಮೀರಿತ್ತು. ಮನೆಗಳ ದೀಪ ಕಳೆದೆ, ಮೋಟರಿನ ನಷ್ಟ ಕಳೆದೆ, ಉಳಿದದ್ದನ್ನು ಏಳುನೂರ ನಲವತ್ತಾರರಿಂದ ಭಾಗಿಸಿದೆ. ಐವತ್ತೇಳು ಎಚ್‌ಪಿ. ತಪ್ಪಾಯಿತೇನೋ ಎಂದು ಮತ್ತೆ ಮಾಡಿದೆ. ಐವತ್ತೇಳೇ. ಪ್ಲೇಟುಗಳಲ್ಲಿ ಇದ್ದದ್ದು ನಲವತ್ತು. ಬಾಕಿ ಹದಿನೇಳು ಎಚ್‌ಪಿ ಯಾರ ತೋಟದಲ್ಲಿ ನೀರು ಹೊಡೆಯುತ್ತಿತ್ತು?

ನಮ್ಮ ಕಡೆಯವರಿಗೆ ಇದರಲ್ಲಿ ಒಗಟೇನೂ ಇಲ್ಲ. ಮಂಜೂರಾದ ಎಚ್‌ಪಿ ಒಂದಿರುತ್ತದೆ. ಮೋಟರು ಸುಟ್ಟಾಗ ಒಳಗಿನ ತಂತಿ ಹೊಸದಾಗಿ ಸುತ್ತಿಸಲು ರಿವೈಂಡಿಂಗಿಗೆ ಕೊಡುವಾಗ, "ತಂತಿ ಸ್ವಲ್ಪ ದಪ್ಪ ಹಾಕು ಮಾರಾಯ" ಎಂದು ಕಿವಿಯಲ್ಲಿ ಹೇಳಿದರೆ ಸಾಕು, ಒಳಗೆ ಬೇರೆಯದೇ ಎಚ್‌ಪಿ ಆಗುತ್ತದೆ. ಅಷ್ಟು ಸಾಲದಿದ್ದರೆ ದೊಡ್ಡ ಮೋಟರನ್ನೇ ತಂದು ಹಳೆಯದರ ಪ್ಲೇಟು ಕಿತ್ತು ಅದಕ್ಕೆ ಹೊಡೆಸುತ್ತಾರೆ. ಹೂವಿನ ನೀರು ಬೇಗ ಮುಗಿಯಬೇಕಲ್ಲ. ಇದನ್ನು ಯಾರೂ ಕಳ್ಳತನ ಅಂದುಕೊಳ್ಳುವುದಿಲ್ಲ, ಯಾರೂ ಹೇಳಿಕೊಳ್ಳುವುದೂ ಇಲ್ಲ. ಉಳಿದವರದೆಲ್ಲ ಪ್ಲೇಟಿನಲ್ಲಿದ್ದಷ್ಟೇ, ತನ್ನೊಬ್ಬನದು ಮಾತ್ರ ಒಂಚೂರು ಹೆಚ್ಚು, ಅಷ್ಟರಿಂದ ಯಾರಿಗೇನು ಎಂದು ಪ್ರತಿಯೊಬ್ಬನೂ ನಂಬಿಕೊಂಡಿರುತ್ತಾನೆ.

ಅಪ್ಪನ ಮುಖ ಕೆಂಪಾಯಿತು. "ಮೇಲಿನ್ ತೋಟದವ್ರದ್ದೇ ಇದು. ನೋಡ್ದೆ ಅವತ್ತೇ, ಅವ್ರ್ ಜೆಟ್ಟು ಮರದ್ ತುದಿಗ್ ಹೊಡೀತಿತ್ತು. ಹತ್ತ್ ಎಚ್‌ಪಿಲಿ ಹಂಗ್ ಬರುತ್ತಾ? ನನ್ ಹೆಂಡ್ತಿ ಉಸ್ರು ಕಿತ್ಕೊಂಡ್ ನೀರ್ ಹೊಡೀತಾವ್ರೆ!" ನನಗೂ ಅಷ್ಟೇ ಸಿಟ್ಟು ಬಂದಿತ್ತು. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವವಳು, ಅಪ್ಪನಿಗೆ ಸಮಾಧಾನ ಹೇಳುವ ಬದಲು ಇನ್ನಷ್ಟು ಗಾಳಿ ಹಾಕಿದೆ. ಎಲ್ಲರನ್ನೂ ಮನೆಗೆ ಕರೆಸು, ಎದುರೆದುರೇ ಕೇಳಿಬಿಡೋಣ ಎಂದೆ.

ಭಾನುವಾರ ಬೆಳಿಗ್ಗೆ ಪಂಪು ಶುರುಮಾಡುವ ಮೊದಲೇ ಎಲ್ಲರೂ ಬಂದರು. ಜಗಲಿಯ ಮೇಲೆ ಕುರ್ಚಿ ಹಾಕಿದೆ, ಕಾಫಿ ಕೊಟ್ಟೆ. ತಾನೂ ಹೊರಗೆ ಕೂರುತ್ತೇನೆ ಎಂದು ಅವ್ವ ಹಟ ಮಾಡಿದಳು. ನಳಿಕೆ ಉದ್ದವಿತ್ತು, ಒಳಗಿನ ಮೆಷಿನ್ನಿನಿಂದ ಬಾಗಿಲು ದಾಟಿ ಜಗಲಿಯ ತನಕ ಬರುತ್ತಿತ್ತು. ಅವಳನ್ನು ಅಷ್ಟು ಹತ್ತಿರದಿಂದ ಆ ಸ್ಥಿತಿಯಲ್ಲಿ ಅವರ್ಯಾರೂ ನೋಡಿರಲಿಲ್ಲ. ಕಾಕ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು. ಹೊರಡುವಾಗ ಬಾಯಲ್ಲಿ ಹಾಕಿಕೊಂಡಿದ್ದ ಎಲೆಯಡಿಕೆಯನ್ನು ಗೌಡರು ಎದ್ದುಹೋಗಿ ಉಗಿದು ಬಂದರು.

ಅಪ್ಪ ನಿಂತುಕೊಂಡೇ ಮಾತಾಡಿದ. ಪ್ಲೇಟಿನ ಲೆಕ್ಕ ಹೇಳಿದ, ಮೀಟರಿನ ಲೆಕ್ಕ ಹೇಳಿದ. "ಹದಿನೇಳ್ ಎಚ್‌ಪಿ ಲೆಕ್ಕಕ್ ಸಿಗ್ತಾ ಇಲ್ಲ. ನಾನ್ ಆಫೀಸಿಗ್ ಬರ್ದ್ಕೊಡಲ್ಲ, ಯಾರ್ ಮೇಲೂ ಕಂಪ್ಲೇಂಟ್ ಮಾಡಲ್ಲ. ಇವ್ಳ್ ಮುಖ ನೋಡಿ ನಿಜ ಹೇಳ್ಬಿಡಿ, ಅಷ್ಟೇ."

ಒಳಗಿನಿಂದ ಮೆಷಿನ್ನು ಬುಸ್ ಬುಸ್ ಎನ್ನುವುದೊಂದೇ ಕೇಳುತ್ತಿತ್ತು.

ಮೊದಲು ಮಾತಾಡಿದ್ದು ಕಾಕ. "ನಂದು ಐದಲ್ಲ ಅಣ್ಣ. ಏಳೂವರೆ. ಎರಡ್ ವರ್ಷ ಆಯ್ತು."

"ನಂದು ಹತ್ತ್ ಉಟ್ಟು," ಎಂದರು ಗೌಡರು. ಗಾಬರಿಯಲ್ಲಿ ಅವರಿಗೆ ಮನೆಮಾತೇ ಬಂದುಬಿಟ್ಟಿತ್ತು.

ರೈಟರ್ ಗಂಟಲು ಸರಿಮಾಡಿಕೊಂಡು, "ನಮ್ದೂ ಹತ್ತೇ ಸಾರ್. ಓನರ್ ಹೇಳಿ ಮಾಡ್ಸಿದ್ದು" ಎಂದರು.

ಮೇಲಿನ ತೋಟದವರು ಕಾಫಿ ಲೋಟವನ್ನು ಕೆಳಗಿಟ್ಟರು. "ನಮ್ದು ಹದಿನೈದು. ನೀನು ನಂಗೆ ಬೈತಾ ಇರೋದು ಕೇಳ್ದೆ. ಬೈಬೇಕಾದ್ದೇ. ಇವ್ರಿಗೆ ಇಷ್ಟು ಕಷ್ಟ ಆಗ್ತಾ ಇದೆ ಅಂತ ನಂಗೆ ಗೊತ್ತಿರ್ಲಿಲ್ಲ, ಅದು ಮಾತ್ರ ಸತ್ಯ."

ನಾನು ಕೂಡಿದೆ. ಹದಿನೈದು, ಹತ್ತು, ಹತ್ತು, ಏಳೂವರೆ. ನಮ್ಮ ಹತ್ತು ಸೇರಿಸಿದೆ. ಐವತ್ತೆರಡೂವರೆ. "ಇನ್ನೂ ಒಂದ್ ಐದು ಬೇಕು" ಅಂದೆ. ಯಾರೋ ಇನ್ನೂ ಬಚ್ಚಿಡುತ್ತಿದ್ದಾರೆ ಎಂದು ನನಗೆ ಮೈ ಉರಿಯಿತು. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ನಮ್ದು?" ಅಂದಳು ಅವ್ವ.

ಒಂದೇ ಮಾತು. ಒಂದು ಉಸಿರಿಗೆ ಒಂದೆರಡು ಮಾತಿನ ಮೇಲೆ ಅವಳಿಗೆ ಆಗುತ್ತಿರಲಿಲ್ಲ. ಸ್ವಲ್ಪ ತಡೆದು ಮತ್ತೆ ಅಂದಳು, "ನಮ್ದೂ ಹೇಳ್ರೀ."

ಅಪ್ಪ ನಿಂತಲ್ಲೇ ನಿಂತಿದ್ದ. ಅವ್ವ ನನ್ನ ಕಡೆ ತಿರುಗಿದಳು. "ಮೋಟ್ರು ತಂದ್ ದಿನ... ಹೇಳಿದ್ರು. ಈಗ ಮೇಲಿನ್ ತೋಟದೋರ್ಗೆ... ಸಮ ಆಯ್ತು ಅಂತ."

ಅಪ್ಪ ಕುರ್ಚಿ ಹುಡುಕಿ ಕೂತ. "ಹದಿನೈದು" ಎಂದ. ಆಮೇಲೆ ಯಾರನ್ನೂ ನೋಡದೆ, "ಜಾಸ್ತಿ ಐದನ್ನ ನಾನು ಕೂಡೇ ಇರ್ಲಿಲ್ಲ. ಎಲ್ರದ್ದೂ ಕೂಡ್ದೆ. ನಂದು ಹತ್ತು ಅಂತ್ಲೇ ಕೂಡ್ದೆ. ಆಣೆ ಮಾಡಿ ಹೇಳ್ತೀನಿ, ನಂಗೆ ನೆನಪೇ ಬರ್ಲಿಲ್ಲ" ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ವಾರವಿಡೀ ಅವನ ಪಕ್ಕದಲ್ಲೇ ಕೂತು ಲೆಕ್ಕ ಮಾಡಿದವಳು ನಾನು. ಪ್ಲೇಟನ್ನು ಅವನೇ ಹೊಡೆಸಿದ್ದ, ಆಮೇಲೆ ಅವನೇ ಅದನ್ನು ನಂಬಿದ್ದ. ದಿನಾ ಬೆಳಿಗ್ಗೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ಬರುತ್ತಿದ್ದವನೂ ಅವನೇ, ಮೆಷಿನ್ನು ಕಿರುಚಿದಾಗ ಓಡೋಡಿ ಬಂದು ಜನರೇಟರಿನ ಹಗ್ಗ ಎಳೆಯುತ್ತಿದ್ದವನೂ ಅವನೇ. ನನಗೆ ಅವನ ಮೇಲೆ ಬರಬೇಕಾದ ಸಿಟ್ಟು ಬರಲಿಲ್ಲ. ಅಯ್ಯೋ ಶಿವನೇ, ಇದನ್ನು ಇವನು ಹೇಗೆ ತಡೆದುಕೊಳ್ಳುತ್ತಾನೆ ಎಂದು ಹೆದರಿಕೆಯಾಯಿತು.

ಮೇಲಿನ ತೋಟದವರೇ ಮಾತು ಮುಂದುವರಿಸಿದರು. ಎರಡೆರಡೇ ಮೋಟರು ಪಾಳಿ ಪ್ರಕಾರ ಓಡಲಿ, ವೋಲ್ಟೇಜು ಎಷ್ಟಿದೆ ಎಂದು ಮೇಡಂ ಫೋನು ಮಾಡಿ ಹೇಳುತ್ತಿರಲಿ ಎಂದರು. ಎಲ್ಲರೂ ಒಪ್ಪಿದರು. ಹಾಗೆ ಮಾಡಿದರೆ ಕೊನೆಯ ಪಾಳಿಯವರ ಮೊಗ್ಗು ಉಳಿಯುವುದು ಕಷ್ಟ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಯ ಪಾಳಿ ಯಾರದ್ದು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

"ನಮ್ದು ಪಾಳೀಲಿ ಬೇಡ," ಎಂದ ಅಪ್ಪ. "ನೀವ್ ನಾಕ್ ಜನ ಮುಗ್ಸ್ಕೊಳಿ." ಎಷ್ಟು ಹೇಳಿದರೂ ಕೇಳಲಿಲ್ಲ. ಅವರೆಲ್ಲ ಹೋದ ಮೇಲೆ ಪಂಪ್‌ಹೌಸಿಗೆ ಹೋಗಿ ಮೂರೂ ಫ್ಯೂಸು ಕಿತ್ತು ತಂದು ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿ ಹಾಕಿದ. ನಮ್ಮ ತೋಟದ ಮೇಲಿನ ಅರ್ಧಕ್ಕೆ ನೀರು ಸಿಕ್ಕಿತ್ತು. ಕೆಳಗಿನ ಅರ್ಧಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ.

ಅವ್ವ ಮೂರು ದಿನ ಅವನ ಹತ್ತಿರ ಮಾತು ಬಿಟ್ಟಳು. ನನ್ನ ಹತ್ತಿರ ತಡೆದು ತಡೆದು ಹೇಳಿದಳು, "ಹೂ ಸುಟ್ಟು... ನಾನ್ ಉಸಿರಾಡ್ಬೇಕಾ? ನಿಮ್ಮಪ್ಪಂಗೆ... ಬುದ್ಧಿ ಇಲ್ವಾ?" ಆ ಗಿಡಗಳನ್ನು ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಬುಟ್ಟಿಯಲ್ಲಿ ಸಸಿ ಹೊತ್ತು ತಂದು ನೆಟ್ಟದ್ದು. ನಾನು ಅಪ್ಪನ ಹತ್ತಿರ ಹೋಗಿ, ಪಾಳಿಯಲ್ಲಿ ಒಂದು ದಿನವಾದರೂ ತಗೋ, ಅವಳಿಗೋಸ್ಕರವಾದರೂ ತಗೋ ಎಂದು ಬೇಡಿದೆ. "ಆ ಮೋಟ್ರು ಸ್ಟಾರ್ಟ್ ಮಾಡಕ್ಕೆ ನನ್ ಕೈ ಬರಲ್ಲ ಮಗಾ" ಎಂದ. ಮತ್ತೆ ಕೇಳುವ ಧೈರ್ಯ ನನಗೆ ಆಗಲಿಲ್ಲ.

ಪಾಳಿ ಶುರುವಾದ ದಿನದಿಂದ ಫ್ಯಾನು ಸೋಲಲಿಲ್ಲ, ಮೆಷಿನ್ನು ಕಿರುಚಲಿಲ್ಲ. ಅವ್ವ ಹಗಲು ಹೊತ್ತು ನಿದ್ದೆ ಮಾಡತೊಡಗಿದಳು. ಸುತ್ತಲಿನ ತೋಟಗಳು ಒಂದರ ಹಿಂದೊಂದು ಬೆಳ್ಳಗಾದವು. ನಮ್ಮ ಕೆಳಗಿನ ಅರ್ಧದಲ್ಲಿ ಮೊಗ್ಗು ಕಂದಿ, ಮುಟ್ಟಿದರೆ ಉದುರುವ ಹಾಗಾಗಿತ್ತು. ಮೇಲಿನ ತೋಟದವರ ಒಂದು ಮೂಲೆ ನಮ್ಮ ಕೆಳಗಿನ ಪಟ್ಟಿಯ ಬೇಲಿಯ ತನಕ ಇಳಿದು ಬರುತ್ತದೆ. ಅಲ್ಲಿ ಮಾತ್ರ ಬೇಲಿಯ ಈಚೆಗೆ, ನಮ್ಮ ಕಡೆ, ಉದ್ದಕ್ಕೆ ಒಂದು ಹತ್ತು ಸಾಲು ಹೂವೋ ಹೂವು. ಹೋಗಿ ನೋಡಿದರೆ ಅವರು ತಮ್ಮ ಪಾಳಿಯಲ್ಲಿ ಜೆಟ್ಟುಗಳನ್ನು ಬೇಲಿಗೆ ತಾಗಿಸಿ ನಿಲ್ಲಿಸಿದ್ದರು, ಅರ್ಧ ನೀರು ನಮ್ಮ ಕಡೆಗೆ ಬೀಳುವ ಹಾಗೆ. ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ. ನಾನು ಥ್ಯಾಂಕ್ಸ್ ಹೇಳಲು ಹೋದರೆ, "ಗಾಳಿಗೆ ಆ ಕಡೆ ಹೋಗಿರ್ಬೇಕು ಬಿಡು" ಎಂದು ಮಾತು ತೇಲಿಸಿದರು. ಅವ್ವನ ಕುರ್ಚಿಯನ್ನು ಜಗಲಿಯ ತುದಿಗೆ ಎಳೆದು ತೋರಿಸಿದೆ. ತುಂಬ ಹೊತ್ತು ನೋಡಿದಳು. ಆ ಸಂಜೆ ಅಪ್ಪನನ್ನು ಕರೆದು ಕಾಫಿ ಕುಡಿದಿರಾ ಎಂದು ಕೇಳಿದಳು.

ಆ ವರ್ಷದ ಮಳೆಗಾಲವನ್ನು ಅವಳು ಅರ್ಧ ನೋಡಿದಳು. ಕಾಯಿಲೆ ತನ್ನ ದಾರಿ ತಾನು ಹಿಡಿದಿತ್ತು. ಮೆಷಿನ್ನಿನ ಗುಂಡಿಯನ್ನು ಎಷ್ಟು ಏರಿಸಿದರೂ ಸಾಲದ ಹಾಗಾಗಿ, ಒಂದು ಮಧ್ಯಾಹ್ನ, ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ನನ್ನ ಕೈಯಲ್ಲೇ ಹೋದಳು. ನಾನು ಮೂಗಿನಿಂದ ನಳಿಕೆ ತೆಗೆದೆ. ಸೆರಗು ಸರಿಮಾಡಿದೆ. ಅಕ್ಕಪಕ್ಕದವರಿಗೆ ಫೋನು ಮಾಡಿದೆ. ಅಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ, ಅಳಲಿಲ್ಲ. ನಳಿಕೆ ದಿಂಬಿನ ಮೇಲೆ ಬಿದ್ದುಕೊಂಡು ಸುಯ್ ಎಂದು ಗಾಳಿ ಬಿಡುತ್ತಲೇ ಇತ್ತು. ಆ ಸದ್ದು ನನಗೆ ತಡೆಯಲಾಗಲಿಲ್ಲ, ಸ್ವಿಚ್ಚಿಗೆ ಕೈ ಹಾಕಿದೆ.

ಅಪ್ಪ ನನ್ನ ಕೈ ಹಿಡಿದುಕೊಂಡ.

"ಇರ್ಲಿ ಬಿಡು ಮಗಾ," ಎಂದ. "ಈಗ ಯಾರ್ ಮೋಟ್ರೂ ಓಡ್ತಿಲ್ಲ. ಕರೆಂಟು ಎಷ್ಟ್ ಚೆನ್ನಾಗ್ ಬರ್ತಾ ಇದೆ ನೋಡು."